ಗೋಡೆಗೆ ಮುಖ ಮಾಡಿದ ಪರದೆ

ಟಿಣ್ ಎಂದಿತು, ಮತ್ತೆ ಅದೇ ಶಬ್ದ, ಪರದೆಯ ಕೆಳಪಟ್ಟಿಯಲ್ಲಿ ಪುಟ್ಟ ಚೌಕವೊಂದು ಕಿತ್ತಳೆ ಬಣ್ಣಕ್ಕೆ ತಿರುಗಿ ಮಿಟುಕುತ್ತಿದೆ, ಯಾರೋ ಏನೋ ಬರೆದಿದ್ದಾರೆ, ಪ್ರೆಸ್ಸಿನವರಿರಬಹುದು, ಅಕ್ಕ ಇರಬಹುದು, ಅಕ್ಕನೇ ಇರಲಿ ದೇವರೇ — ಒತ್ತಿದಳು, ಮಿಟುಕುವುದು ನಿಂತಿತು, ತೆರೆಯಬೇಕಾದ ಚಾಟ್ ಕಿಟಕಿ ಮಾತ್ರ ತೆರೆಯಲಿಲ್ಲ, ಇನ್ನೊಮ್ಮೆ ಒತ್ತಿದಳು, ಮತ್ತೊಮ್ಮೆ, ಕಲ್ಲಿನ ಮುಂದೆ ಕೈಮುಗಿದ ಹಾಗೆ, ಬಾಣದ ಗುರುತಿನದೂ ಇದೇ ಆಟ, ಮೌಸನ್ನು ಕೊಂಚ ಜೋರಾಗಿ ಎಡಕ್ಕೆ ತಳ್ಳಿದರೆ ಅಂಚು ದಾಟಿ ಎಲ್ಲೋ ಹೋಗಿಬಿಡುತ್ತದೆ, ಬಲಕ್ಕೆ ಎಳೆದೆಳೆದು ಕರೆದರೆ ಏನೂ ಆಗದವರ ಹಾಗೆ ಮರಳಿ ಬರುತ್ತದೆ, ಹಾಳಾದ್ದು, ಕಳೆದ ವಾರ ತಾನೇ ತಾನಾಗಿ ಅದೇನೋ ಅಪ್‌ಡೇಟ್ ಮಾಡಿಕೊಂಡಿತಲ್ಲ, ಅದಾದ ಮೇಲೆಯೇ ಈ ಕಾಟ, ಅಂದಮೇಲೆ ಡ್ರೈವರಿನದೇ ದೋಷ, ಹಳೆಯದನ್ನು ಬುಡಸಮೇತ ಕಿತ್ತು ಹೊಸದನ್ನು ಕೂರಿಸಬೇಕು, ರಿಪೇರಿಯವನಿಗೆ ಫೋನ್ ಮಾಡುವುದೇ, ಛೆ, ಇಷ್ಟು ವರ್ಷ ಕೇಬಲಿನಿಂದ ಹಿಡಿದು ಒಳಗಿನ ಫ್ಯಾನಿನವರೆಗೆ ಎಲ್ಲವನ್ನೂ ಕೈಯಾರೆ ಬದಲಿಸಿದವಳು, ಈಗ ಕಿಟಕಿಯೊಂದು ತೆರೆಯಲಿಲ್ಲವೆಂದು ಇನ್ನೊಬ್ಬರ ಮುಂದೆ ಬಾಯಿಬಿಡುವುದೇ. ಗಡಿಯಾರ ನೋಡಿದಳು, ಒಂಬತ್ತೂ ಹತ್ತು, ಗುರುವಾರ, ಊಟದ ಹೊತ್ತಿಗೆ ಮುಗಿದೀತು.

ಈ ಡ್ರೈವರನ್ನು ನಿಜವಾಗಿಯೂ ತೆಗೆಯಬೇಕೇ ಎಂದು ಕೇಳಿತು, ಹೂಂ ಎಂದಳು, ನಿಜವಾಗಿಯೂ ಎಂಬ ಮಾತು ಅದಕ್ಕೆ ಯಾಕೆ ಬೇಕೋ — ಡ್ರೈವರ್ ಯಾಕೇ ಇದಕ್ಕೆ, ಇದು ಎಲ್ಲಿಗೂ ಹೋಗಲ್ವಲ್ಲ, ಎಂದು ಕೇಳಿದ್ದಳು ಅಕ್ಕ, ಮೊದಲ ಸಲ ಎರಡು ಪರದೆ ತಂದಿಟ್ಟ ದಿನ, ಅಯ್ಯೋ ಕಂಪ್ಯೂಟರ್ ಹೇಳಿದ್ದು ಪರದೆಗೆ ಅರ್ಥ ಆಗ್ಬೇಕಲ್ಲ, ನಡುವೆ ನಿಂತು ಹೇಳೋನೊಬ್ಬ ಬೇಕು ಕಣೇ ಎಂದು ಇವಳೆಂದರೆ, ಹಾಗಾದ್ರೆ ದಲ್ಲಾಳಿ ಅನ್ನು, ಅದಕ್ಕೇ ಇಷ್ಟು ಸುಳ್ಳು ಹೇಳುತ್ತೆ — ಎಂದು ನಕ್ಕು ನಕ್ಕು ಕಣ್ಣೊರೆಸಿಕೊಂಡಿದ್ದಳು. ಹದಿಮೂರು ವರ್ಷ, ಒಂದೇ ಮೇಜು, ಒಂದೇ ಕಂಪ್ಯೂಟರ್, ಒಂದೇ ಕೀಬೋರ್ಡ್, ಪರದೆ ಮಾತ್ರ ಎರಡು, ಎಡಗಡೆಯದರಲ್ಲಿ ಲೇಖಕರು ಬರೆದ ಮೂಲಪ್ರತಿ, ಬಲಗಡೆಯದರಲ್ಲಿ ಅಚ್ಚಿಗೆ ಹೋಗುವ ಕರಡು, ಅಕ್ಕ ಎಡಕ್ಕೆ ಕೂತು ಗಟ್ಟಿಯಾಗಿ ಓದುವವಳು, ಇವಳು ಬಲಕ್ಕೆ ಕೂತು ತಿದ್ದುವವಳು, ಅಕ್ಕನ ಓದೆಂದರೆ ಒಂದು ಚುಕ್ಕೆಯೂ ಬಿಡುವಂತಿಲ್ಲ, ಅವನು ಬಾಗಿಲು ತೆರೆದ ಅಲ್ಪವಿರಾಮ ಒಳಗೆ ಯಾರೂ ಇರಲಿಲ್ಲ ಪೂರ್ಣವಿರಾಮ, ಆ ಚಾಳಿ ಅಡುಗೆಮನೆಗೂ ಬಂತು, ನೀರು ಕಾದಿದೆ ಅಲ್ಪವಿರಾಮ ಸ್ನಾನಕ್ಕೆ ಏಳು ಆಶ್ಚರ್ಯಸೂಚಕ, ಮದುವೆ ಎಂಬುದು ಇಬ್ಬರ ಪಾಲಿಗೂ ಬರಲಿಲ್ಲ, ಬರಲಿಲ್ಲವೆಂದು ಅಂಥ ದುಃಖವೂ ಆಗಲಿಲ್ಲ, ಪಕ್ಕದಲ್ಲಿ ಒಂದು ದನಿ ಇತ್ತಲ್ಲ. ಈಗ ಇವಳೊಬ್ಬಳೇ ಮೂಲವನ್ನೂ ಕರಡನ್ನೂ ಒಂದೇ ಪರದೆಯಲ್ಲಿ ಅಕ್ಕಪಕ್ಕ ಇಟ್ಟುಕೊಂಡು ಬಾಯೊಳಗೇ ಓದಿಕೊಳ್ಳುತ್ತಾಳೆ, ಕೆಲಸ ಅರ್ಧಕ್ಕರ್ಧ ನಿಧಾನ. ಅಕ್ಕನ ಪರದೆ ಮೇಜಿನ ಎಡಕ್ಕೆ ಇದ್ದಲ್ಲೇ ಇದೆ, ಗೋಡೆಗೆ ಮುಖ ಮಾಡಿಕೊಂಡು.

ಮಸುಕು ಕಣೇ, ಎಂದು ಶುರುವಾಗಿತ್ತು, ಅಕ್ಷರದ ಸುತ್ತ ಹೊಗೆ ಇದ್ದ ಹಾಗಿದೆ, ಸ್ವಲ್ಪ ನೋಡು — ನೋಡಿದಳು, ಕೇಬಲ್ ಕಿತ್ತು ಊದಿ ಹಾಕಿದಳು, ಬೇರೆ ಕೇಬಲ್ ತಂದಳು, ಬೆಳಕು ಏರಿಸಿದಳು, ಇಳಿಸಿದಳು, ಅಕ್ಷರದ ಗಾತ್ರ ದೊಡ್ಡದು ಮಾಡಿದಳು, ರೆಸಲ್ಯೂಷನ್ ಬದಲಿಸಿದಳು, ಮೆತ್ತನೆ ಬಟ್ಟೆಯಲ್ಲಿ ಒರೆಸಿದಳು, ಈಗ ಹೇಗಿದೆ, ಈಗ ಪರವಾಗಿಲ್ಲ, ಎರಡು ದಿನಕ್ಕೆ ಮತ್ತೆ ಮಸುಕು ಕಣೇ, ಕೊನೆಗೆ ತನ್ನ ಪರದೆಯನ್ನು ಎಡಕ್ಕೂ ಅಕ್ಕನದನ್ನು ಬಲಕ್ಕೂ ಇಟ್ಟು ನೋಡಿದಳು, ಇದು ರಿಪೇರಿಯ ಮೊದಲ ಪಾಠ, ಅದಲುಬದಲು ಮಾಡಿದಾಗ ದೋಷ ಯಾರ ಜೊತೆ ಹೋಗುತ್ತದೋ ಅವರದೇ ದೋಷ, ಮಸುಕು ಪರದೆಯ ಜೊತೆ ಬಲಕ್ಕೆ ಬರಲಿಲ್ಲ, ಅಕ್ಕನ ಜೊತೆ ಎಡಕ್ಕೇ ಉಳಿಯಿತು, ಆ ಕ್ಷಣದಲ್ಲಿ ತಿಳಿದುಬಿಟ್ಟಿತ್ತು ಇವಳಿಗೆ, ತಿಳಿದೂ ನಾಳೆ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ನಡಿ ಎಂಬ ಒಂದು ಮಾತು ಆಡಲಿಲ್ಲ, ಆಡಿದರೆ ಎಡಗಡೆಯ ಕುರ್ಚಿ ಖಾಲಿಯಾದೀತೆಂಬ ಭಯ — ಆಮೇಲೆ ಕೋಳಿ ಸಾಕಣೆಯ ಪುಸ್ತಕವೊಂದು ಅಚ್ಚಾಗಿ ಬಂತು, ಮರಿಗಳಿಗೆ ಒದ್ದೆ ಕಾಳು ಹಾಕಬಾರದು ಎಂದಿರಬೇಕಾದಲ್ಲಿ ಹಾಕಬಹುದು ಎಂದು, ಸಾವಿರ ಪ್ರತಿ, ಅಕ್ಕನಿಗೆ ಕಾಣದ್ದನ್ನು ಅಕ್ಕ ಊಹಿಸಿ ಓದಿದ್ದಳು, ಎಷ್ಟು ದಿನದಿಂದ ಊಹಿಸುತ್ತಿದ್ದಳೋ, ಪ್ರೆಸ್ಸಿನ ಮಾಲೀಕ ಇಬ್ಬರನ್ನೂ ನಿಲ್ಲಿಸಿ ಬೈದ, ಮನೆಗೆ ಬಂದು ಅಕ್ಕ ಮತ್ತೆ ಪರದೆ ಸರಿ ಇಲ್ಲ ಅಂದಳು, ಆಗ ಇವಳ ಬಾಯಿಂದ ಬಂದದ್ದು, ಪರದೆ ಸರಿಯಾಗೇ ಇದೆ, ನಿನ್ನ ಕಣ್ಣೇ ಹೋಗಿದೆ, ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ, ಕಾಣಲ್ಲ ಅಂತ ಒಪ್ಕೊಂಡು ಎದ್ದು ಹೋಗಬಾರದಾ. ಅಕ್ಕ ಕನ್ನಡಕ ತೆಗೆದು ಮಡಿಚಿದಳು, ಒಂದು ಅಲ್ಪವಿರಾಮವೂ ಇಲ್ಲ, ಮರುದಿನ ಬೆಳಿಗ್ಗೆ ಅಣ್ಣ ಬಂದು ಕರೆದುಕೊಂಡು ಹೋದ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಐದು ವಾರವಾಯಿತು.

ಪರದೆ ಕಪ್ಪಾಯಿತು, ಬಂತು, ಅಕ್ಷರಗಳೆಲ್ಲ ಕುಂಬಳಕಾಯಿ ಗಾತ್ರಕ್ಕೆ ಊದಿಕೊಂಡು ಬಂದವು, ಡ್ರೈವರ್ ಇಲ್ಲದ ಪರದೆ ಹೀಗೆಯೇ, ಹೆದರಬಾರದು, ಹೊಸದನ್ನು ಇಳಿಸಿಕೊಂಡಳು, ಒಪ್ಪಿಗೆ, ಒಪ್ಪಿಗೆ, ಮುಂದೆ, ಮತ್ತೆ ಕಪ್ಪು, ಮತ್ತೆ ಬೆಳಕು, ಈ ಬದಲಾವಣೆ ಉಳಿಸಿಕೊಳ್ಳಬೇಕೇ, ಏನೂ ಹೇಳದಿದ್ದರೆ ಹದಿನೈದು ಸೆಕೆಂಡಿನಲ್ಲಿ ಹಳೆಯದಕ್ಕೆ ಮರಳುತ್ತೇನೆ, ಹದಿನಾಲ್ಕು, ಹದಿಮೂರು — ಆಡಿದ ಮಾತಿಗೂ ಹೀಗೊಂದು ಹದಿನೈದು ಸೆಕೆಂಡು ಕೊಟ್ಟಿದ್ದರೆ, ಬಾಯಿ ಮುಚ್ಚಿಕೊಂಡು ಸುಮ್ಮನೆ ಕೂತಿರುತ್ತಿದ್ದಳು, ತಾನಾಗಿ ಹಳೆಯದಕ್ಕೆ ಮರಳಲಿ ಎಂದು — ಉಳಿಸು ಎಂದು ಒತ್ತಿದಳು, ಅಷ್ಟರಲ್ಲಿ ಟಿಣ್, ಹತ್ತೂ ಐದು, ಒತ್ತಿದಳು, ಏನೂ ಇಲ್ಲ. ಇ-ಮೇಲ್ ಪತ್ರದ ಕಿಟಕಿ ಮಾತ್ರ ನೆಟ್ಟಗೆ ತೆರೆಯುತ್ತದೆ, ಹನ್ನೆರಡು ದಿನದ ಹಿಂದೆ ಅಲ್ಲಿಂದಲೇ ಬರೆದದ್ದು, ಅಕ್ಕಾ ತಪ್ಪಾಯ್ತು, ಅತ್ತಿಗೆ ಕೈಲಿ ಓದಿಸಿಕೋ, ಅಲ್ಲಿಗೆ ಉತ್ತರ ಬಂದಿಲ್ಲ, ಮರುದಿನ ತಡೆಯಲಾರದೆ ಅಣ್ಣನ ಮನೆಗೆ ಫೋನ್ ಮಾಡಿದರೆ ಅತ್ತಿಗೆ, ಕಣ್ಣಿಗೆ ಹನಿ ಹಾಕಿ ಮಲಗಿಸಿದೀವಮ್ಮ, ಈಗ ಮಾತು ಬೇಡವಂತೆ, ನಿಮ್ಮಣ್ಣನ ಫೋನಿಂದ ಅವರೇ ಬರೀತಾರಂತೆ, ಅಕ್ಷರ ದೊಡ್ಡದಾಗಿ ಕಾಣುತ್ತಲ್ಲ ಅದರಲ್ಲಿ — ಆಮೇಲೆ ಇವಳು ಫೋನ್ ಮಾಡಲಿಲ್ಲ, ಬರೆಯುತ್ತೇನೆ ಅಂದವಳು ಬರೆಯಲಿ, ಇಬ್ಬರೂ ಒಂದೇ, ಹಿಡಿದ ಮೊಲಕ್ಕೆ ಮೂರೇ ಕಾಲು. ಆದರೆ ಈ ಹನ್ನೊಂದು ದಿನದಲ್ಲಿ ನೀರು ಕುಡಿಯಲು ಎದ್ದಾಗಲೂ ಎರಡು ಲೋಟ ತುಂಬಿದ್ದಾಳೆ, ಬೀದಿಯಲ್ಲಿ ಯಾರೋ ಕೆಮ್ಮಿದರೆ ಬಾಗಿಲಿಗೆ ಹೋಗಿದ್ದಾಳೆ, ತರಕಾರಿಯವನ ಜೊತೆ ಬೇಡದ ಚೌಕಾಸಿ ಮಾಡಿ ಹತ್ತು ನಿಮಿಷ ನಿಲ್ಲಿಸಿಕೊಂಡಿದ್ದಾಳೆ, ಒಂದು ಮನುಷ್ಯದನಿಗಾಗಿ, ಒಂಟಿತನಕ್ಕೆ ನಾಚಿಕೆ ಎಂಬುದಿಲ್ಲ. ಹತ್ತೂ ಐವತ್ತಕ್ಕೆ ಇನ್ನೊಂದು ಟಿಣ್. ಆಮೇಲೆ ಸದ್ದಿಲ್ಲ. ಡ್ರೈವರನ್ನು ಮತ್ತೆ ಕಿತ್ತಳು, ಹಳೆಯ ಆವೃತ್ತಿಯನ್ನು ಹುಡುಕಿ ಹಾಕಿದಳು, ಮಾನಿಟರಿನ ಡ್ರೈವರ್ ಬೇರೆ, ಗ್ರಾಫಿಕ್ಸಿನದು ಬೇರೆ, ಎರಡನ್ನೂ ಹಾಕಿದಳು, ಹನ್ನೆರಡು ದಾಟಿತು.

ಕೊನೆಗೆ ಮಾನ ಮರ್ಯಾದೆ ಬದಿಗಿಟ್ಟು ರಿಪೇರಿಯವನಿಗೆ ಫೋನ್ ಮಾಡಿದಳು, ಅವನಿಗೆ ಪ್ರೆಸ್ಸಿನಲ್ಲೆಲ್ಲ ಕೇಬಲ್ ಭಟ್ಟ ಎಂದೇ ಹೆಸರು, ಯಾವ ರೋಗಕ್ಕೂ ಮೊದಲು ಕೇಬಲ್ ನೋಡಿ ಎನ್ನುವವನು, ಏನ್ ಮೇಡಂ ನೀವು ನಮಗೆ ಫೋನ್ ಮಾಡೋದಾ, ಸೂರ್ಯ ಎಲ್ಲಿ ಹುಟ್ಟಿದಾನೆ ಇವತ್ತು, ಹೇಳಿ, ಕಿಟಕಿ, ಬಾಣ, ಡ್ರೈವರ್ ಎಲ್ಲವನ್ನೂ ಹೇಳಿದಳು, ಕೇಬಲ್ ಸರಿ ಇದೆಯಾ, ಇದೆ, ಪರದೆ ಎಷ್ಟು, ಒಂದು — ಒಂದು ಎಂದು ಥಟ್ಟನೆ ಬಂತು ಬಾಯಿಗೆ, ಸುಳ್ಳೆಂದು ಅನ್ನಿಸಲೇ ಇಲ್ಲ — ಸೆಟ್ಟಿಂಗ್ಸ್ ತೆಗೀರಿ, ಡಿಸ್‌ಪ್ಲೇ ಒತ್ತಿ, ಅಲ್ಲಿ ಚೌಕ ಎಷ್ಟು ಕಾಣುತ್ತೆ, ನೋಡಿದಳು, ಒಂದು, ಎರಡು, ಪಕ್ಕಪಕ್ಕ ಅಂಟಿಕೊಂಡು ಕೂತಿವೆ, ಎರಡು ಎಂದಳು, ಮತ್ತೆ ಒಂದೇ ಅಂದ್ರಲ್ಲ, ಅದು, ಇನ್ನೊಂದಿದೆ, ಗೋಡೆ ಕಡೆ ತಿರುಗಿಸಿ ಇಟ್ಟಿದೀನಿ, ಕರೆಂಟೂ ತೆಗೆದಿದೀನಿ, ಹಿಂದಿನ ಕೇಬಲ್ ತೆಗೆದಿದೀರಾ, ಇಲ್ಲ — ಇಲ್ಲ, ಕಳೆದ ವಾರ, ಅತ್ತಿಗೆಯ ಜೊತೆ ಮಾತಾಡಿದ ಮರುದಿನ, ಕೇಬಲಿನ ಸ್ಕ್ರೂವಿಗೆ ಕೈ ಹಾಕಿದವಳು ಹಾಗೇ ಬಿಟ್ಟಿದ್ದಳು, ತಂತಿಯನ್ನೂ ಕಿತ್ತುಬಿಟ್ಟರೆ ಅಕ್ಕ ಇನ್ನು ಬರುವುದೇ ಇಲ್ಲವೆಂದು ತಾನೇ ಷರಾ ಬರೆದ ಹಾಗೆ, ಆ ಖಾಲಿ ಮುಖ ಕಾಣದಿದ್ದರೆ ಸಾಕೆಂದು ಗೋಡೆಗೆ ತಿರುಗಿಸಿ ಪ್ಲಗ್ ಒಂದನ್ನು ಮಾತ್ರ ಎಳೆದಿದ್ದಳು — ಅತ್ತ ಅವನು ನಗುತ್ತಿದ್ದ, ಅಲ್ಲ ಮೇಡಂ, ಕೇಬಲ್ ಸಿಕ್ಕಿದ್ರೆ ಕಂಪ್ಯೂಟರಿಗೆ ಪರದೆ ಇದೆ ಅಂತಲೇ ಲೆಕ್ಕ, ಅದು ಮಲಗಿದೆಯೋ ಗೋಡೆ ನೋಡ್ತಿದೆಯೋ ಅದಕ್ಕೇನು ಗೊತ್ತು, ಕಿಟಕಿ ಮೊದಲು ಎಲ್ಲಿ ತೆರೀತಿತ್ತೋ ಅಲ್ಲೇ ತೆರೀತಿದೆ, ನಿಮ್ಮ ಬಾಣಾನೂ ಅಲ್ಲಿಗೇ ಹೋಗ್ತಿದೆ, ಡ್ರೈವರ್ ಪಾಪ ಏನ್ ಮಾಡಿದ, ಅದಕ್ಕೆ ಕರೆಂಟ್ ಕೊಡಿ, ಇಲ್ಲ ಕೇಬಲ್ ಕೀಳಿ, ಎರಡರಲ್ಲಿ ಒಂದು. ಸರಿ ಎಂದು ಫೋನಿಟ್ಟಳು.

ಮಾತಾಡುವ ಕಿಟಕಿ ಇದ್ದದ್ದು ಯಾವಾಗಲೂ ಅಕ್ಕನ ಕಡೆಗೆ, ಹೌದಲ್ಲ, ಮೂಲಪ್ರತಿಯ ಕೆಳಗೆ ಮೂಲೆಯಲ್ಲಿ, ಬಂದದ್ದನ್ನು ಓದಿ ಹೇಳುವ ಕೆಲಸವೂ ಅವಳದೇ, ಕೀಳಲಿಲ್ಲ, ಪ್ಲಗ್ ಸಿಕ್ಕಿಸಿದಳು, ಗೋಡೆಗೆ ಅಂಟಿದ ಹಾಗಿದ್ದ ಪರದೆಯ ಸುತ್ತ ತೆಳ್ಳಗೆ ಬೆಳಕು ಮೂಡಿತು, ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಳು, ಧೂಳು, ಮೂಲೆಯಲ್ಲಿ ಕಿಟಕಿ, ತೆರೆದುಕೊಂಡೇ ಇದೆ, ಒಂದರ ಕೆಳಗೊಂದು ಸಾಲು, ಅಕ್ಷರ ತಪ್ಪುಗಳೇ ತುಂಬಿದ ಸಾಲುಗಳು, ಜೀವಮಾನದಲ್ಲಿ ಒಂದು ಒತ್ತು ಬಿಡದವಳು ಬರೆದದ್ದು, ಇವಳು ತಿದ್ದಿಕೊಳ್ಳುತ್ತಲೇ ಓದಿದಳು, ಕಳೆದ ಬುಧವಾರ — ನಿನ್ ಪತ್ರ ಓದಿಸಿದೆ, ತಪ್ಪು ನಿಂದಲ್ಲ ಬಿಡೇ, ನೀನಂದದ್ದೇ ನಿಜ ಆಯ್ತು, ಡಾಕ್ಟರೂ ಅದೇ ಅಂದ್ರು. ಶನಿವಾರ — ಗುರುವಾರ ಹನ್ನೊಂದಕ್ಕೆ ಆಪರೇಷನ್, ಕಣ್ಣಾಸ್ಪತ್ರೆ ನಮ್ಮ ಮನೆ ಬಸ್‌ಸ್ಟ್ಯಾಂಡಿಂದ ಅರ್ಧ ಗಂಟೆ, ನೀನು ಬಾ, ಅಣ್ಣ ನನಗಿಂತ ಹೆದರ್ತಾನೆ. ಸೋಮವಾರ — ಯಾಕೆ ಉತ್ತರ ಇಲ್ಲ, ಇನ್ನೂ ಕೋಪಾನಾ. ಇವತ್ತು, ಒಂಬತ್ತೂ ಹತ್ತು — ಬಂದು ಕೂತಿದೀನಿ, ಪಕ್ಕದ ಕುರ್ಚಿ ಮೇಲೆ ಚೀಲ ಇಟ್ಟಿದೀನಿ ನಿನಗೆ ಅಂತ. ಹತ್ತೂ ಐದು — ಯಾರೋ ಅಜ್ಜ ಕೂರಬೇಕು ಅಂದ್ರು, ತಂಗಿ ಬರ್ತಾಳೆ ಅಂದೆ. ಹತ್ತೂ ಐವತ್ತು — ಕರೀತಿದಾರೆ. ಕೆಳಗೆ ಬೇರೇನೂ ಇರಲಿಲ್ಲ.

ಹನ್ನೆರಡೂ ನಲವತ್ತು, ಚಪ್ಪಲಿ ಎಲ್ಲಿ, ಬೀಗದ ಕೈ, ಈಗ ಹೋದರೂ ಕಣ್ಣು ಕಟ್ಟಿ ಮಲಗಿಸಿರುತ್ತಾರೆ, ಯಾರು ಬಂದರು ಯಾರು ಬರಲಿಲ್ಲ ಎಂದು ಅವಳಿಗೆ ಕಾಣುವುದಾದರೂ ಹೇಗೆ, ಮುಟ್ಟಿ ಹೇಳಬೇಕು, ಅಕ್ಕಾ ನಾನು, ಡ್ರೈವರ್ ಹಾಕ್ತಿದ್ದೆ ಅಕ್ಕಾ, ನಂಬುವ ಮಾತೇ ಇದು, ಒಂಬತ್ತೂ ಹತ್ತಕ್ಕೆ ಹೊರಟಿದ್ದರೆ ಹತ್ತರೊಳಗೆ ಅಲ್ಲಿ, ಆ ಹೊತ್ತಿಗೆ ಇವಳು ಒಪ್ಪಿಗೆ, ಒಪ್ಪಿಗೆ, ಮುಂದೆ ಎಂದು ಒತ್ತುತ್ತ ಕೂತಿದ್ದಳು — ಬಸ್ಸೋ ಆಟೋವೋ, ಆಟೋ, ಬಾಗಿಲವರೆಗೆ ಬಂದಳು, ನಿಂತಳು, ಕಣ್ಣ ಮುಂದೆ ಆಸ್ಪತ್ರೆ, ಸಾಲಾಗಿ ಕುರ್ಚಿಗಳು, ಜನ, ಒಂದು ಕುರ್ಚಿಯ ಮೇಲೆ ಚೀಲ, ಅಕ್ಕನ ಕೈ ಅದರ ಹಿಡಿಯ ಮೇಲೆ, ಅಜ್ಜ ನಿಂತಿದ್ದಾನೆ, ತಂಗಿ ಬರ್ತಾಳೆ, ಹತ್ತೂಕಾಲಾಯಿತು, ಚೀಲ ಅಲ್ಲೇ, ಹತ್ತೂವರೆ, ಚೀಲ ಅಲ್ಲೇ, ಹೆಸರು ಕೂಗಿದರು, ಅಕ್ಕ ಎದ್ದಳು, ಬಾಗಿಲ ಕಡೆಗೆ ಮಸುಕು ಕಣ್ಣಲ್ಲಿ ಒಮ್ಮೆ ನೋಡಿರುತ್ತಾಳೆ, ಆಮೇಲೆ ಚೀಲ ಎತ್ತಿದಳೋ, ಇಲ್ಲ ಹಾಗೇ ಬಿಟ್ಟು ಒಳಗೆ ಹೋದಳೋ, ಕುರ್ಚಿಯ ಮೇಲೆ ಚೀಲ, ಕುರ್ಚಿಯ ಮೇಲೆ, ಚೀಲ —