ದಾವಲನ ತೋಳಿಗೆ ಬಿಗಿದ ಪಟ್ಟಿ

"ನೋಡ್ರಪ್ಪಾ, ಹುಡುಗನ ವಯಸ್ಸು ಇಪ್ಪತ್ನಾಲ್ಕು, ಲಿವರಿನ ವಯಸ್ಸು ಅರವತ್ತು. ಇವನು ಕಾಲು ಆಡಿಸೋದು ಮೈದಾನದಲ್ಲಲ್ಲ, ಬಾರಿನಲ್ಲಿ."

ಮ್ಯಾನೇಜರ್ ಶಿವನಂಜಪ್ಪ ರಕ್ತದ ರಿಪೋರ್ಟು ಹಿಡಿದು ಇಡೀ ತಂಡದ ಮುಂದೆ ಹೀಗೆ ಅಂದಾಗ ನಾನು ಅದೇ ಕೋಣೆಯಲ್ಲಿ, ಹತ್ತಿ ಉಂಡೆಗಳ ಪಕ್ಕ ಬಿದ್ದಿದ್ದೆ. ಎಲ್ಲರೂ ನಕ್ಕರು. ದಾವಲ್ ನದಾಫ್ ಎದ್ದು ನಿಂತು, ನಾ ಕುಡಿಯಂಗಿಲ್ರಿ ಸರ, ಅಂದ. ಅದಕ್ಕೆ ಇನ್ನೂ ಜೋರಾಗಿ ನಕ್ಕರು. ನನಗೆ ಬಾಯಿಲ್ಲ. ಇದ್ದಿದ್ದರೆ ಕಚ್ಚುತ್ತಿದ್ದೆ.

ನಾನು ಒಂದು ರಬ್ಬರ್ ಪಟ್ಟಿ. ರಕ್ತ ತೆಗೆಯುವಾಗ ನರ ಉಬ್ಬಲೆಂದು ತೋಳಿಗೆ ಬಿಗಿಯುತ್ತಾರಲ್ಲ, ಆ ನೀಲಿ ಪಟ್ಟಿ. ಬಿಸಿ ಯಂತ್ರದ ಬಾಯಿಂದ ಒಂದೇ ಉದ್ದನೆಯ ಹಾಳೆಯಾಗಿ ಹೊರಬಂದ ನಮ್ಮನ್ನು ಕಚಕಚನೆ ಕತ್ತರಿಸಿ ಹಾಕಿದರು. ನನ್ನ ಒಂಟಿತನ ಅಲ್ಲೇ ಶುರುವಾಯಿತು. ಓದು ಬರಹ ನನಗೆ ಗೊತ್ತಿಲ್ಲ. ಕಲಿತದ್ದೆಲ್ಲ ತೋಳುಗಳಿಂದ.

ನನ್ನನ್ನು ಮೊದಲು ಮುಟ್ಟಿದ ಒಡತಿ ಪುಷ್ಪಲತಾ ಸಿಸ್ಟರ್. ಹೆರಿಗೆ ಆಸ್ಪತ್ರೆಯಲ್ಲಿ ಹೆದರಿ ತಣ್ಣಗಾದ ತೋಳುಗಳನ್ನು ಎಷ್ಟೋ ಅಪ್ಪಿದ್ದೇನೆ. ನನ್ನ ಬದುಕೇ ಇಷ್ಟು. ಬಿಗಿಯಾಗಿ ಅಪ್ಪಬೇಕು, ರಕ್ತ ಹರಿಯತೊಡಗಿದೊಡನೆ ಬಿಟ್ಟುಬಿಡಬೇಕು. ಅಪ್ಪಿಸಿಕೊಂಡವರು ಯಾರೂ ಎದ್ದು ಹೋಗುವಾಗ ನನ್ನತ್ತ ತಿರುಗಿ ನೋಡಿದ್ದಿಲ್ಲ. ಸಿಸ್ಟರ್ ನಿವೃತ್ತರಾಗಿ ಬೆಂಗಳೂರಿನ ಈ ಫುಟ್‌ಬಾಲ್ ಕ್ಲಬ್ಬಿಗೆ ಸೋಮವಾರಗಳಂದು ಬರತೊಡಗಿದಾಗ ಅವರ ಚೀಲದಲ್ಲಿ ನಾನೂ ಬಂದೆ.

ಆಟಗಾರರ ತೋಳೇ ಬೇರೆ. ನರ ಹಗ್ಗದಂತೆ ಎದ್ದಿರುತ್ತದೆ, ನಾಡಿ ಮಲಗಿದ ಎತ್ತಿನ ಉಸಿರಿನಷ್ಟು ನಿಧಾನ. ದಾವಲನ ತೋಳು ನನಗೆ ಹತ್ತಿರದ್ದು, ಯಾಕೆಂದರೆ ಅವನೊಬ್ಬನೇ ಸಿಸ್ಟರ್ ಜೊತೆ ಮಾತಾಡುತ್ತಿದ್ದ. ಬೆಳಗಾವಿ ಕಡೆಯವನು. ಮೊಣಕಾಲು ತಿರುಚಿ ಅರ್ಧ ವರ್ಷ ಮೂಲೆ ಸೇರಿದ್ದ. ಈಗ ಕರಾರು ಮುಗಿಯುವುದರಲ್ಲಿತ್ತು.

"ಈ ಸಲ ಕೈಬಿಟ್ರ ನನ್ನ ಆಟ ಮುಗೀತ್ರಿ ಸಿಸ್ಟರ್. ಬ್ಯಾರೆ ಏನೂ ಬರಂಗಿಲ್ಲ ನನಗ," ಅಂದಿದ್ದ.

ಅದಕ್ಕೇ ಅವನು ಒಂದು ಹುಚ್ಚು ಕೆಲಸ ಮಾಡಿದ. ತಂಡದ ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೆ ಗ್ಯಾಲರಿಯ ಮೆಟ್ಟಿಲು ಹತ್ತಿ ಇಳಿದ, ಹತ್ತಿ ಇಳಿದ. ಶನಿವಾರವೂ ಅದೇ, ಭಾನುವಾರವೂ ಅದೇ. ಜೊತೆಗೆ ಯಾರೂ ಇಲ್ಲ, ನೋಡಿ ಭೇಷ್ ಅನ್ನುವವರೂ ಇಲ್ಲ. ಸೋಮವಾರ ಬೆಳಿಗ್ಗೆ ರಕ್ತ ಕೊಡಲು ಬಂದವನಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಮೇಜು ಹಿಡಿದು ಮುದುಕನಂತೆ ಇಳಿದ. ಕಾಲು ನನ್ನ ಮಾತು ಕೇಳವಲ್ಲವು, ಅಂತ ನಕ್ಕ. ಸಿಸ್ಟರೂ ನಕ್ಕರು. ನಾನು ಬಿಗಿದೆ, ಅವರು ತೆಗೆದರು. ಆ ರಕ್ತವೇ ಅವನಿಗೆ ಮುಳುವಾಯಿತು.

ಅವಮಾನವಾದ ದಿನದಿಂದ ಹುಡುಗರು ಅವನನ್ನು ಕ್ವಾರ್ಟರ್ ಎಂದೇ ಕರೆದರು. ಕ್ವಾರ್ಟರ್, ಪಾಸ್ ಕೊಡೋ. ಕ್ವಾರ್ಟರ್, ಸೋಡಾ ಬೇಕಾ. ಮುಂದಿನ ಸೋಮವಾರ ಅವನು ನಮ್ಮ ಕೋಣೆಗೆ ಬಂದು ಕೂತು ಸಿಸ್ಟರಿಗೆ ಮನೆಯ ಸಂಗತಿ ಹೇಳಿದ. ಒಂದು ರೋಜಾ ಉಪವಾಸವನ್ನೂ ಬಿಡದ ತಾಯಿಗೆ ಈ ಸುದ್ದಿ ಯಾರೋ ಫೋನಿನಲ್ಲಿ ಮುಟ್ಟಿಸಿದ್ದರಂತೆ. ಇವನು ಫೋನ್ ಮಾಡಿದರೆ ಆಕೆ ಬೈಯಲೂ ಇಲ್ಲವಂತೆ, ಇಟ್ಟುಬಿಟ್ಟಳಂತೆ. ಸಿಸ್ಟರ್ ಅವನನ್ನು ಎಬ್ಬಿಸಿ ಕ್ಲಬ್ಬಿನ ಡಾಕ್ಟರ್ ಮಂದಾಕಿನಿಯವರ ಬಳಿಗೆ ಕರೆದೊಯ್ದರು, ಚೀಲದಲ್ಲಿ ನಾನೂ ಹೋದೆ.

ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ, ರಕ್ತ ಕೊಡುವ ಹಿಂದಿನ ದಿನ ಏನು ಮಾಡಿದ್ದೆ ಎಂದು. ಮೆಟ್ಟಿಲಿನ ಕಥೆ ಕೇಳಿ ತಲೆ ಚಚ್ಚಿಕೊಂಡರು. ರೂಢಿ ತಪ್ಪಿದ ಕಾಲಿಗೆ ಒಮ್ಮೆಗೇ ಅಷ್ಟು ದಂಡನೆ ಕೊಟ್ಟರೆ, ಅದರಲ್ಲೂ ಇಳಿಯುವಾಗ, ಮಾಂಸಖಂಡ ಕಣ್ಣಿಗೆ ಕಾಣದಷ್ಟು ಸಣ್ಣಗೆ ಹರಿದು ಅದರೊಳಗಿನ ಸತ್ವ ರಕ್ತಕ್ಕೆ ಸೋರುತ್ತದೆ. ಅದೇ ಸತ್ವ ಲಿವರಿನಲ್ಲೂ ಇರುತ್ತದೆ. ಎಲ್ಲಿಂದ ಸೋರಿತು ಅಂತ ಆ ಅಂಕಿ ಹೇಳುವುದಿಲ್ಲ, ಓದುವವನು ವಿಚಾರಿಸಬೇಕು, ಅಂದರು. ಮೈ ದಣಿಸಬೇಡ, ನೀರು ಕುಡಿ, ವಿಶ್ರಾಂತಿಯಾದ ಮೇಲೆ ಮತ್ತೆ ರಕ್ತ ತೆಗೆಯೋಣ, ಅಂದು ಕಳಿಸಿದರು.

ಆ ಮರುಪರೀಕ್ಷೆಗೆ ಬಿಗಿದಾಗ ಅವನ ನಾಡಿ ಹೆದರಿದ ಕೋಳಿಯಂತೆ ಹೊಡೆದುಕೊಳ್ಳುತ್ತಿತ್ತು. ಆ ಸಲ ಮಾತ್ರ ನನಗೆ ಬಿಡಲು ಮನಸ್ಸಾಗಲಿಲ್ಲ. ರಿಪೋರ್ಟು ಬಂದಾಗ ಏರಿದ್ದ ಅಂಕಿಗಳೆಲ್ಲ ಇಳಿದಿದ್ದವು. ಲಿವರಿಗೇ ಬೇರೆಯಾಗಿ ಮಾಡಿಸಿದ ಪರೀಕ್ಷೆಯೂ ಚೊಕ್ಕವಾಗಿತ್ತು.

ಅಷ್ಟರಲ್ಲಿ ನನಗೆ ವಯಸ್ಸಾಯಿತು. ಮೈ ಬಿರಿಯಿತು, ಎಳೆದರೆ ಎಳೆದಲ್ಲೇ ಉಳಿಯತೊಡಗಿದೆ. ಸಿಸ್ಟರ್ ಎಸೆದರು. ಮೈದಾನ ನೋಡಿಕೊಳ್ಳುವವನು ಎತ್ತಿಕೊಂಡು ಗೋಲಿನ ಬಲೆಯನ್ನು ನನ್ನಿಂದ ಕಂಬಕ್ಕೆ ಕಟ್ಟಿದ. ಕಬ್ಬಿಣಕ್ಕೆ ನಾಡಿಯಿಲ್ಲ. ಬಿಸಿಲಿಗೆ ಕಾಯುತ್ತದೆ, ಮಂಜಿಗೆ ಕೊರೆಯುತ್ತದೆ, ಒಂದು ಮಾತಿಲ್ಲ. ಬಿಚ್ಚುವವರೂ ಇಲ್ಲ. ಬದುಕಿಡೀ ಬಯಸಿದ್ದು ಬಿಡದೆ ಅಪ್ಪಿರುವುದನ್ನೇ, ಸಿಕ್ಕಿದ್ದು ಹೀಗೆ.

ಇಲ್ಲಿಗೇ ಒಂದು ಮಧ್ಯಾಹ್ನ ಶಿವನಂಜಪ್ಪ ಬಂದ. ದಾವಲ್ ಒಬ್ಬನೇ ಚೆಂಡು ಒದೆಯುತ್ತಿದ್ದ. ಮ್ಯಾನೇಜರ್ ಸುತ್ತ ಒಮ್ಮೆ ಕಣ್ಣಾಡಿಸಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಅವನ ಹೆಗಲ ಮೇಲೆ ಕೈ ಹಾಕಿದ. ಡಾಕ್ಟರಮ್ಮ ಎಲ್ಲ ಹೇಳಿದರು, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಕರಾರು ರೆಡಿ ಇದೆ, ಅಂದ.

"ಎಲ್ಲಾರ ಮುಂದ ಅಂದಿದ್ರಿ ಸರ," ಅಂದ ದಾವಲ್. "ಎಲ್ಲಾರ ಮುಂದನ ಹೇಳ್ರಿ."

"ತಮಾಷೆಗೆ ಅಂದಿದ್ದನ್ನ ಎಷ್ಟು ಎಳೀತೀಯೋ. ಕೆಲಸ ಉಳೀತಲ್ಲ, ಇನ್ನೇನ್ ಬೇಕು ನಿಂಗೆ? ಬಾ, ಸೈನ್ ಮಾಡು."

ದಾವಲ್ ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ಸರಿಸಿದ. ಬಗ್ಗಿ ಬೂಟು ಬಿಚ್ಚಿ, ಎರಡನ್ನೂ ಕೈಯಲ್ಲಿ ಹಿಡಿದು, ಬರಿಗಾಲಿನಲ್ಲಿ ಗೇಟಿನತ್ತ ನಡೆದ. ಸೈನ್ ಮಾಡ್ತೀಯೋ ಇಲ್ವೋ ಹೇಳೋ, ಅಂತ ಶಿವನಂಜಪ್ಪ ಹಿಂದಿನಿಂದ ಕೂಗಿದ. ದಾವಲ್ ಸೈನ್ ಮಾಡದೆಯೇ ಗೇಟು ದಾಟಿ ರಸ್ತೆಗಿಳಿದ.