ನಿಮ್ಮಕ್ಕ ಬರೋದ್ರೊಳಗೆ

ನಿನ್ನ ತಂಗಿಯ ಮನೆಗೆ ಹೋಗುತ್ತೇನೆ ಎಂದು ಅಮ್ಮ ಬೆಳಿಗ್ಗೆ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕು ದಿನ ಇದ್ದು ಬರುವುದಕ್ಕಲ್ಲ, ಇನ್ನು ಮುಂದೆ ಅಲ್ಲೇ ಇರುವುದಕ್ಕಂತೆ! ನಲವತ್ತು ದಾಟಿದರೂ ಒಂದು ಕೆಲಸದಲ್ಲಿ ನೆಟ್ಟಗೆ ನಿಲ್ಲದವಳು ನನ್ನ ತಂಗಿ. ಕಾಲಿಗೆ ಚಕ್ರ ಕಟ್ಟಿಕೊಂಡು ನಾಟಕದವರ ಹಿಂದೆ ತಿರುಗಿದ್ದಾಯಿತು, ಈಗ ಸಂಜೆ ಹೊತ್ತು ಸಿನಿಮಾ ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುತ್ತಾಳೆ. ಅವಳ ಮನೆಯಲ್ಲಿ ಕುರ್ಚಿಯ ಮೇಲಿನ ಬಟ್ಟೆ ಎತ್ತಿಟ್ಟರೇನೇ ಕೂರಲು ಜಾಗ. ನಾನೋ, ದೊಡ್ಡ ಹೋಟೆಲಿನಲ್ಲಿ ಕೋಣೆಗಳ ಸೂಪರ್‌ವೈಸರ್. ಬೆಡ್‌ಶೀಟಿನ ಮೇಲೆ ಸಾಸಿವೆ ಕಾಳಿನಷ್ಟು ಕಲೆಯಿದ್ದರೂ ನನ್ನ ಕಣ್ಣು ತಪ್ಪಿಸುವಂತಿಲ್ಲ. ಮನೆಯನ್ನೂ ಹಾಗೇ ಇಟ್ಟಿದ್ದೇನೆ, ಅಮ್ಮನನ್ನೂ. ದೊಡ್ಡವರಾಗುವುದು ಅಂದರೆ ಮತ್ತೇನು, ಜವಾಬ್ದಾರಿ ತಾನೇ?

ಇವಳೇ ಅಮ್ಮನ ತಲೆ ಕೆಡಿಸಿರಬೇಕು. ಹಗಲು ನಾನಿಲ್ಲದಾಗ ಬಂದು ಹೋಗುತ್ತಿರುತ್ತಾಳಲ್ಲ! ಇವತ್ತು ಅವಳ ಬೆವರಿಳಿಸಿಯೇ ತೀರಬೇಕೆಂದು ಕೆಲಸ ಅರ್ಧಕ್ಕೆ ಬಿಟ್ಟು ಮಧ್ಯಾಹ್ನವೇ ಮನೆಗೆ ಬಂದೆ. ಬಚ್ಚಲಿನಲ್ಲಿ ನೀರಿನ ಸದ್ದು, ಇಬ್ಬರ ನಗು.

“ನಿಮ್ಮಕ್ಕ ಬರೋದ್ರೊಳಗೆ ಶೀಟು ಒಣಗುತ್ತೇನೇ?” ಅಮ್ಮ ಕೇಳುತ್ತಿದ್ದಳು.

“ಫ್ಯಾನ್ ಕೆಳಗೆ ಹಾಕ್ತೀನಿ ಬಿಡಮ್ಮ. ಹಾಸಿಗೇಲಿ ಒಂದಿಷ್ಟು ಉಚ್ಚೆ ಹೋದ್ರೆ ಆಕಾಶ ಕಳಚಿ ಬೀಳಲ್ಲ. ಅಕ್ಕಂಗೆ ಹೇಳ್ಬಿಡು, ಅವಳೇನು ಬೈತಾಳಾ?”

“ಬೈದ್ರೆ ಪರವಾಗಿಲ್ವೇ. ಬೈಯಲ್ಲ ಅವಳು. ತುಟಿ ಬಿಗಿಹಿಡ್ಕೊಂಡು, ಮೂಗು ಮುರಿದು, ಸುಮ್ನೆ ಶೀಟು ಬದಲಾಯಿಸ್ತಾಳೆ. ಆಗ ನಂಗೆ ಭೂಮಿ ಬಾಯ್ಬಿಡಬಾರ್ದಾ ಅನ್ಸುತ್ತೆ.”

ಥೂ, ನನ್ನ ಜನ್ಮಕ್ಕಿಷ್ಟು! ನಾಚಿಕೆಯಿಂದ ಕಿವಿ ಬಿಸಿಯಾಯಿತು. ಯಾವತ್ತು ಮೂಗು ಮುರಿದಿದ್ದೆ? ನೆನಪೇ ಇಲ್ಲ. ನೆನಪಿರದಷ್ಟು ಸಲೀಸಾಗಿ ಮಾಡಿದ್ದೇನೆ ಎನ್ನುವುದೇ ಹೆಚ್ಚು ಚುಚ್ಚಿತು. ಸದ್ದಿಲ್ಲದೆ ಹಿಂದಿರುಗಿ ಹೋಗೋಣ ಎಂದುಕೊಂಡೆ. ಅಷ್ಟರಲ್ಲಿ ತಂಗಿ ಬಕೆಟ್ ಹಿಡಿದು ಹೊರಬಂದಳು. ಅವಳ ಹಿಂದೆ, ಬಚ್ಚಲ ಸ್ಟೂಲಿನ ಮೇಲೆ ಟವೆಲ್ ಸುತ್ತಿಕೊಂಡು ಕೂತ ಅಮ್ಮ.

ನನ್ನನ್ನು ಕಂಡದ್ದೇ ಅಮ್ಮ ಗೋಡೆ ಹಿಡಿದು ಎದ್ದು ನಿಂತಳು. “ಇವತ್ತೊಂದೇ ದಿನ ಕಣಮ್ಮ, ಇನ್ಮೇಲೆ ಹೀಗಾಗಲ್ಲ,” ಎಂದಳು. ನನ್ನನ್ನು ಹೆತ್ತವಳು!

“ಕೂತ್ಕೋ ಅಮ್ಮ, ಜಾರುತ್ತೆ. ಏನಾಯ್ತು ಈಗ?” ಎಂದೆ. ಮೆತ್ತಗೇ ಹೇಳಿದೆ ಎಂದು ನನ್ನ ಲೆಕ್ಕ.

ಅಮ್ಮ ಕೂರಲಿಲ್ಲ. ತಂಗಿಯ ಮುಖ ನೋಡಿದಳು. ತಂಗಿ ಬಕೆಟ್ ಕೆಳಗಿಟ್ಟು, “ಕೂತ್ಕೋಮ್ಮ, ಅಕ್ಕಂಗೆ ಸಿಟ್ಟಿಲ್ಲ,” ಎಂದ ಮೇಲೆ ಮೆಲ್ಲಗೆ ಕೂತಳು.

ನಾನು ಒಳಗೆ ಹೋಗಿ ಅಮ್ಮನ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದೆ. ಬೇಡ ಎಂದು ಇಬ್ಬರೂ ಅನ್ನಲಿಲ್ಲ.