ರವಿವಾರದ ಒಂದೂವರೆ ಕಿಲೋ

“ಮಕ್ಕಳ ಗ್ಯಾಸ್ ಬಂದ್ ಮಾಡ್ಯಾರ್ರೀ ಅಕ್ಕಾರ! ಇವತ್ತಿಂದ ಒಂದ್ ಕೂಸಿಗೂ ಇಲ್ಲಂತ. ಅದೂ ನಿಮ್ಮ ಹೆಸರು ಹೇಳಿ!”

ಹುಲಿಗೆಪ್ಪ ಮೆಟ್ಟಿಲ ಮೇಲೇ ಇಷ್ಟೂ ಹೇಳಿಬಿಟ್ಟ. ನನ್ನ ಬಾಯಲ್ಲಿ ವಡಾಪಾವ್ ಇತ್ತು.

“ಹುಲಿಗೆಪ್ಪಣ್ಣ, ಚೇಷ್ಟಿ ಬ್ಯಾಡ.”

“ಹೋಗಿ ನೋಡ್ರಿ. ಬಾಗಲಿಗೆ ಬೋರ್ಡ್ ಹೊಡದಾರ. ಹಸರ ಬಣ್ಣದ್ದು.”

ಹೌದು, ಹಸಿರು ಬೋರ್ಡು. ಮೂಲೆಯಲ್ಲಿ ಒಂದು ಎಲೆ. ‘ಮಕ್ಕಳ ದಂತ ವಿಭಾಗ ಇನ್ನು ಗ್ಯಾಸ್ ಮುಕ್ತ’ ಎಂದು ಮರಾಠಿಯಲ್ಲಿ. ಕೆಳಗೆ, ‘ಅಧ್ಯಯನ: ಸ್ನೇಹಲ್, ಇಂಟರ್ನ್’.

ನಾನು ಮಾಡಿದ್ದು ಇಷ್ಟೇ. ಹಲ್ಲಿನ ಕೆಲಸಕ್ಕೆ ಹೆದರುವ ಮಕ್ಕಳ ಮೂಗಿಗೆ ನಾವು ನೈಟ್ರಸ್ ಗ್ಯಾಸಿನ ಮಾಸ್ಕ್ ಇಡುತ್ತೇವೆ. ಮಗು ನಿದ್ದೆ ಹೋಗುವುದಿಲ್ಲ. ಬಿಗಿ ಹಿಡಿದ ಮುಷ್ಟಿ ಬಿಚ್ಚುತ್ತದೆ, ಅಷ್ಟೇ. ಅದೇ ಗ್ಯಾಸ್ ಹೊರಗೆ ಹೋದರೆ ನೂರು ವರ್ಷಕ್ಕೂ ಹೆಚ್ಚು ಕಾಲ ಆಕಾಶದಲ್ಲಿ ಉಳಿದು ಭೂಮಿಯನ್ನು ಕಾಯಿಸುತ್ತದೆ. ಸೈಬರ್ ಕೆಫೆಯಲ್ಲಿ ಇದನ್ನು ಓದಿದ ದಿನ ಹಾಸ್ಟೆಲಿನಲ್ಲಿ ಯಾರನ್ನೂ ಮಲಗಲು ಬಿಡಲಿಲ್ಲ ನಾನು.

ನಮ್ಮಲ್ಲಿ ಎಷ್ಟು ಖರ್ಚಾಗುತ್ತದೆ ಎಂದು ತಿಳಿಯಬೇಕಿತ್ತು. ಸಿಲಿಂಡರಿನ ಮುಳ್ಳು ಸುಳ್ಳು ಹೇಳುತ್ತದೆ. ಒಳಗೆ ಗ್ಯಾಸ್ ದ್ರವವಾಗಿ ಕೂತಿರುವುದರಿಂದ ಕೊನೆಯವರೆಗೂ ಮುಳ್ಳು ಅಲ್ಲಾಡುವುದಿಲ್ಲ. ತೂಗಲೇಬೇಕು. ಗ್ಯಾಸ್ ರೂಮು ನೋಡಿಕೊಳ್ಳುವ ಹುಲಿಗೆಪ್ಪ ಗೇಟಿನ ಹೊರಗಿನ ಭಂಗಾರದ, ಅಂದರೆ ಗುಜರಿ, ಅಂಗಡಿಯಿಂದ ತಕ್ಕಡಿ ತಂದ. ಒಂದು ರವಿವಾರ ಎಲ್ಲ ಮಹಡಿಗೂ ಬೀಗ, ಒಂದು ಮಗುವೂ ಬಂದಿಲ್ಲ. ಸೋಮವಾರ ಬೆಳಿಗ್ಗೆ ಸಿಲಿಂಡರ್ ಒಂದೂವರೆ ಕಿಲೋ ಹಗುರ! ಹತ್ತು ಮಕ್ಕಳು ಬಂದ ದಿನ ಅವರೆಲ್ಲ ಸೇರಿ ಎಳೆದದ್ದು ಅದರ ಅರ್ಧ. ಸೋರುತ್ತಿದ್ದದ್ದು ಗೋಡೆಯೊಳಗಿನ ಹಳೇ ಪೈಪು.

ವಿಭಾಗದ ಮುಖ್ಯಸ್ಥರಿಗೆ ಎರಡು ಪುಟ ಬರೆದು ಕೊಟ್ಟೆ. ಪೈಪು ಮುಚ್ಚಿ, ಕುರ್ಚಿಯ ಪಕ್ಕ ಸಣ್ಣ ಸಿಲಿಂಡರ್ ಇಡಿ, ಮಗು ಕುರ್ಚಿ ಇಳಿದ ಮೇಲೆ ಅದರ ಕೀಲಿ ತಿರುಗಿಸಿ ಬಂದ್ ಮಾಡಿ ಎಂದು. ಕೊನೆಗೆ ನಗುವ ದವಡೆ ಹಲ್ಲಿನ ಚಿತ್ರ ಬೇರೆ. ಇದೆಲ್ಲ ಇದ್ದದ್ದು ಎರಡನೇ ಪುಟದಲ್ಲಿ; ಮೊದಲನೆಯದರಲ್ಲಿ ಬರೀ ಭೂಮಿ ಕಾಯುವ ಮಾತು.

“ಪೈಪರೆ ಮುಚ್ಯಾರೇನು?” ಎಂದು ಹುಲಿಗೆಪ್ಪನನ್ನು ಕೇಳಿದೆ.

“ಎಲ್ಲೀದ್ರೀ! ಮೂರನೇ ಮಾಳಗಿ ರೊಕ್ಕ ಕೊಡೋರ ಸ್ಪೆಷಲ್ ಓಪಿಡಿಗೆ ಅದೇ ಪೈಪಲ್ಲ? ಅಲ್ಲಿ ಚಾಲೂ ಅದ.”

ತೂಗಿದೆವು. ಕೆಳಗೆ ಯಾರೂ ಉಸಿರೆಳೆಯದಿದ್ದರೂ, ಮೇಲೆ ಇವತ್ತು ಯಾರೂ ಬರದಿದ್ದರೂ, ಹುಲಿಗೆಪ್ಪ ಬೆಳಿಗ್ಗೆ ಬರೆದಿಟ್ಟ ತೂಕದಲ್ಲಿ ಮುನ್ನೂರು ಗ್ರಾಂ ಹೋಗಿತ್ತು.

ವಿಭಾಗದ ಮುಖ್ಯಸ್ಥರು ದಿಗಂಬರ ಸರ್. ತೂಕ ಬರೆದ ಚೀಟಿ ಅವರ ಮುಂದಿಟ್ಟೆ.

“ಶಾಬ್ಬಾಸ್ ಪೋರಿ,” ಎಂದರು ಮರಾಠಿಯಲ್ಲಿ. “ಗ್ಯಾಸಿನಿಂದ ಭೂಮಿ ಕೆಡುತ್ತದೆ ಅಂತ ನೀನೇ ಬರೆದದ್ದು. ನಿಲ್ಲಿಸಿದೆವು.”

“ಸರ್, ನಿಂತದ್ದು ಮಕ್ಕಳಿಗೆ. ಸೋರೋದು ನಿಂತಿಲ್ಲ.”

“ನಾವು ಕಲಿಯುವಾಗ ಯಾವ ಗ್ಯಾಸಿತ್ತು? ಚಾದರ ಸುತ್ತು, ತಾಯಿ ಕಾಲು ಹಿಡೀಲಿ, ಹತ್ತು ನಿಮಿಷ.”

“ಮೂರನೇ ಮಹಡೀಲೂ ಚಾದರ ಸುತ್ತಬಹುದಲ್ಲ ಸರ್?”

“ಅಲ್ಲಿಯ ಮಕ್ಕಳು ಅತ್ತರೆ ನಾನು ಉತ್ತರ ಕೊಡಬೇಕು.”

“ಇಲ್ಲಿಯವರು ಅತ್ತರೆ?”

ಸರ್ ಗಡಿಯಾರ ನೋಡಿದರು. “ನಾಳೆ ಜೂನ್ ಐದು. ಒಂಬತ್ತಕ್ಕೆ ಪರಿಸರ ದಿನದ ಅತಿಥಿಗಳು, ಬೋರ್ಡಿನ ಮುಂದೆ ಫೋಟೋ. ಹನ್ನೊಂದಕ್ಕೆ ಬಾ. ಆ ತಕ್ಕಡಿ ತೋರಿಸು.”

ನಾಳೆ ಒಂಬತ್ತಕ್ಕೇ ದುರ್ಗಾಳ ಹಲ್ಲು ಕೀಳುವುದಿತ್ತು.

ಅವಳು ಹೊರಗೆ ಬೆಂಚಿನ ಮೇಲೆ ತಾಯಿ ಅವ್ವಮ್ಮನಿಗೆ ಅಂಟಿ ಕೂತಿದ್ದಳು. ಆರು ವರ್ಷ. ವಾಕಡ ಬಡಾವಣೆಯ ಕಟ್ಟಡದ ಕೆಲಸದ ಜಾಗದಿಂದ ಇವತ್ತು ಎಕ್ಸ್‌ರೇ ತೆಗೆಸಲು ಬಂದಿದ್ದರು. ಏಪ್ರಿಲಿನಲ್ಲಿ ಯಾರೋ ಅವಳನ್ನು ಚಾದರದಲ್ಲಿ ಸುತ್ತಿ ಹಲ್ಲು ಕಿತ್ತಿದ್ದರು. ಆಮೇಲೆ ನಾನು ಮಾಸ್ಕ್ ಇಟ್ಟ ದಿನ ಫ್ಯಾನಿನ ರೆಕ್ಕೆ ಎಣಿಸುತ್ತ ಹಲ್ಲು ಕೊಟ್ಟಿದ್ದಳು. ನಾಳೆಯೂ ಹಾಗೇ ಎಂದು ಮಾತು ಕೊಟ್ಟಿದ್ದೆ.

“ಅಕ್ಕಾ, ನಾಳೆ ಸ್ಟ್ರಾಬೆರಿ ವಾಸನಿ ಮಾಸ್ಕೇ ಹಾಕ್ತಿ ಹೌದಿಲ್ಲೋ?” ಎಂದಳು.

ನಾನು ಅವ್ವಮ್ಮನಿಗೆ ಎಲ್ಲ ಹೇಳಿದೆ. ಅವಳು ಬೋರ್ಡಿನ ಎಲೆಯನ್ನೇ ನೋಡುತ್ತಿದ್ದಳು.

“ನಮ್ಮ ಕೂಸಿನ ಉಸುರಿಂದ ಭೂಮಿ ಕೆಡ್ತೈತೇನವ್ವ?”

“ಇಲ್ರಿ.”

“ಕಾಲು ನಾ ಹಿಡ್ಯಂಗಿಲ್ಲ. ಆವತ್ತು ಹಿಡದೆ. ಎಂಟು ದಿನ ಈಕಿ ನನ್ನ ಕೈಲೆ ರೊಟ್ಟಿ ತಿನ್ಲಿಲ್ಲ.”

“ಒಂಬತ್ತಕ್ಕ ಬರಬ್ಯಾಡ್ರಿ. ಹನ್ನೊಂದಕ್ಕ ಬರ್ರಿ, ಸೀದಾ ಸರ್ ರೂಮಿಗೆ. ಇದನ್ನೇ ಅವರಿಗೆ ಹೇಳ್ರಿ. ಮರಾಠಿ ನಾ ಮಾಡ್ತೀನಿ.”

“ನಾಳೆ ಸ್ಲ್ಯಾಬ್ ಹಾಕೋದೈತಿ. ಮುಕಾದಮ ಬಿಡಂಗಿಲ್ಲ.” ದುರ್ಗಾಳ ಊದಿದ ಗಲ್ಲ ಮುಟ್ಟಿ ನೋಡಿದಳು. “ಬರ್ತೀವಿ. ಬಂದಾಗ ನೀ ಅಲ್ಲಿರ್ಬೇಕು ಮತ್ತ.”

“ಇರ್ತೀನ್ರಿ.”

ಹುಲಿಗೆಪ್ಪ ಹಿಂದೆ ಬಂದು ನಿಂತಿದ್ದ. “ಅಕ್ಕಾರ, ಭಂಗಾರದಾವ ನಾಳೆ ಹತ್ತಕ್ಕ ತಕ್ಕಡಿ ವಾಪಸ್ ಕೇಳ್ಯಾನ್ರಿ.”

“ಹನ್ನೆರಡಕ್ಕ ಕೊಡ್ತೀವಿ ಅನ್ನು,” ಎಂದೆ. “ಹನ್ನೊಂದಕ್ಕ ನಮಗ ಬೇಕು.”